ಬುಟ್ಟಿ ಕಟ್ಟದ ಸೊಂಟ

ನಮ್ಮ ಲೈನಿನಲ್ಲಿ ಡಿಗ್ರಿ ಪಾಸು ಮಾಡಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನು ಅದು. ಒಂದೇ ಉದ್ದನೆಯ ಮಾಡು, ಅದರ ಕೆಳಗೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದು ಮನೆಯಲ್ಲಿ ಕೆಮ್ಮಿದರೆ ಆಚೆ ಮನೆಯಲ್ಲಿ ಕಷಾಯಕ್ಕೆ ನೀರಿಡುತ್ತಾರೆ. ಅಲ್ಲಿ ಕೂತು ಬಿಎಸ್ಸಿ ಓದಿದೆ, ಬಿಎಡ್ ಮಾಡಿದೆ, ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಯಾರೂ ದಾರಿ ತೋರಿಸಲಿಲ್ಲ. ತೋರಿಸಬೇಕಾದವರಿಗೇ ದಾರಿ ಗೊತ್ತಿರಲಿಲ್ಲ.

ಅಮ್ಮನಿಗೆ ಗೊತ್ತಿದ್ದದ್ದು ಒಂದೇ: ನನ್ನ ಸೊಂಟಕ್ಕೆ ಬುಟ್ಟಿ ಕಟ್ಟಬಾರದು.

ಕಾಫಿ ಹಣ್ಣು ಕುಯ್ಯುವಾಗ ಎರಡೂ ಕೈ ಗಿಡದ ಮೇಲಿರಬೇಕು. ಅದಕ್ಕೇ ಹೆಂಗಸರು ಬುಟ್ಟಿಯನ್ನು ಹಗ್ಗ ಹಾಕಿ ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ. ಕುಯ್ಲಿನ ಕಾಲದಲ್ಲಿ ಶಾಲೆಗೆ ರಜೆ ಸಿಕ್ಕರೆ ಸಾಕು, ಲೈನಿನ ಮಕ್ಕಳೆಲ್ಲ ಚಿಕ್ಕ ಬುಟ್ಟಿ ಕಟ್ಟಿಕೊಂಡು ತಾಯಂದಿರ ಹಿಂದೆ ಹೊರಡುತ್ತಿದ್ದರು. ನೆಲಕ್ಕೆ ತಾಗುವ ರೆಂಬೆಗಳು ಮಕ್ಕಳ ಪಾಲು. ನಾನು ಮಾತ್ರ ಜಗಲಿಯ ಮೇಲೆ ಮಗ್ಗಿ ಪುಸ್ತಕ ಹಿಡಿದು ಕೂತಿರಬೇಕು. ನೀರಿನ ಕೊಡ ಎತ್ತುವಂತಿಲ್ಲ, ಸೌದೆಗೆ ಹೋಗುವಂತಿಲ್ಲ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಆಮೇಲೂ ಈ ಕಾನೂನು ಸಡಿಲವಾಗಲಿಲ್ಲ.

“ನಿನ್ನ ಮಗಳೆಂಥ ದೊರೆಸಾನಿಯಾ?” ಎಂದು ಕೆಲಸದ ಗುಂಪಿನ ಹೆಂಗಸರು ಕೇಳುತ್ತಿದ್ದರಂತೆ.

“ಹೌದು, ದೊರೆಸಾನಿಯೇ. ಏನೀಗ?” ಎನ್ನುತ್ತಿದ್ದರಂತೆ ಅಮ್ಮ.

ಆ ಹೆಸರು ಹಾಗೇ ಉಳಿಯಿತು. ನಾನು ಮೇಡಂ ಆದ ಮೇಲೂ ಲೈನಿಗೆ ನಾನು ದೊರೆಸಾನಿಯೇ.

ನೋವು ಶುರುವಾದದ್ದು ಒಂದು ಜ್ವರದ ನಂತರ. ಜ್ವರ ಬಿಟ್ಟಿತು, ಮೈ ಬಿಡಲಿಲ್ಲ. ಆ ನೋವಿಗೆ ಒಂದು ಊರು ಅಂತ ಇರಲಿಲ್ಲ. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ಬಾಚಣಿಗೆ ತಾಗಿದರೆ ತಲೆಯ ಚರ್ಮ. ಮಲಗಿ ಎದ್ದರೆ ಮಲಗಿದ್ದೇ ಸುಳ್ಳು ಅನ್ನಿಸುವಂಥ ಸುಸ್ತು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದರೆ ತೋಳಿನೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು: ಲೆಕ್ಕ ಮಾಡುತ್ತಾ ಮಾಡುತ್ತಾ ಮುಂದಿನ ಸಾಲು ತಲೆಯಿಂದ ಜಾರಿಹೋಗುತ್ತಿತ್ತು. ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ “ಮೇಡಂ, ಮೈನಸ್” ಎನ್ನುವಳು. ಕ್ಲಾಸು ನಗುತ್ತಿರಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಚಿಕ್ಕಮಗಳೂರು, ಹಾಸನ, ಮಂಗಳೂರು. ರಕ್ತ ಕೊಟ್ಟೆ, ಎಕ್ಸರೇ ತೆಗೆಸಿದೆ, ಸ್ಕ್ಯಾನಿನ ಗುಹೆಯೊಳಗೆ ಮಲಗಿದೆ. ಎಲ್ಲ ಕಡೆ ಒಂದೇ ಮಾತು, ನಾರ್ಮಲ್. ನನ್ನ ಓದಿನ ಕಾಲದಲ್ಲಿ ಯಾವ ಫಲಿತಾಂಶಕ್ಕೂ ಇಷ್ಟು ಅತ್ತಿರಲಿಲ್ಲ. ಸಂಧಿವಾತ ಅಂತಲೋ ಮತ್ತೊಂದು ಅಂತಲೋ ಬಂದಿದ್ದರೆ ಆ ಹಾಳೆಯನ್ನು ಚೌಕಟ್ಟು ಹಾಕಿಸಿ ಸ್ಟಾಫ್ ರೂಮಿನಲ್ಲಿ ನೇತುಹಾಕುತ್ತಿದ್ದೆ.

“ಮದುವೆ ಮಾಡ್ಕೊಳ್ರಿ ಮೇಡಂ, ಎಲ್ಲ ಸರಿಹೋಗುತ್ತೆ” ಎಂದರು ಸಮಾಜ ವಿಜ್ಞಾನದ ಮೇಷ್ಟ್ರು.

“ನಿಮಗೆ ಮದುವೆಯಾಗಿ ಮಗಳು ಕಾಲೇಜಿಗೆ ಬಂದಳಲ್ಲ ಸರ್, ನಿಮ್ಮ ಸೊಂಟನೋವು ಹೋಯ್ತಾ?” ಎಂದೆ.

ಲೈನಿನವರ ಮಾತು ಮಾತ್ರ ಹಾಗಲ್ಲ. “ನೆರಳಲ್ಲಿ ನಿಂತು ಸಂಬಳ ತಗೊಳ್ಳೋಳಿಗೆ ಎಂಥ ಮೈಕೈನೋವು ಮಾರಾಯ್ತಿ? ನಮ್ಮ ಹತ್ರ ಇಲ್ದಿರೋದಾ ಅದು?” ಪಕ್ಕದ ಮನೆಯಾಕೆ ಹೀಗೆಂದಾಗ ಆಕೆಯ ಹೆಗಲ ಮೇಲೆ ಸೌದೆ ಹೊರೆಯಿತ್ತು. ನನಗೆ ಕೋಪ ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆಯನ್ನು ದಿನಾ ಬೆಳಿಗ್ಗೆ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ನಮ್ಮಲ್ಲಿ ನೋವನ್ನೂ ದುಡಿದೇ ಸಂಪಾದಿಸಬೇಕು. ನಾನು ಏನು ದುಡಿದಿದ್ದೆ?

ಕುಯ್ಲು ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟರು ಕರೆಸಿದರು. ಅವರು ಪ್ಲಾಂಟರು, ಕೆಟ್ಟ ಮನುಷ್ಯರೇನಲ್ಲ. ಕೂರಲು ಹೇಳಿದರು, ಕಾಫಿ ತರಿಸಿದರು.

“ನೋಡಮ್ಮ, ನಿನ್ನ ಪಾಠದ ಬಗ್ಗೆ ಯಾರದ್ದೂ ಕಂಪ್ಲೇಂಟಿಲ್ಲ. ಆದ್ರೆ ಕೂತು ಪಾಠ ಮಾಡ್ತೀಯ, ರಜೆ ಹಾಕ್ತೀಯ. ಹತ್ತನೇ ಕ್ಲಾಸಿನ ಗಣಿತ ಇದು. ಶಾಲೆ ತೆರೆಯೋ ಹೊತ್ತಿಗೆ ಪೂರಾ ಟೈಂಟೇಬಲ್ ತಗೊಳ್ಳೋ ಹಾಗಿದ್ರೆ ಪರ್ಮನೆಂಟ್ ಮಾಡೋಣ ಅಂತ ಕಮಿಟಿಯಲ್ಲಿ ಮಾತಾಗಿದೆ. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವರನ್ನ ನೋಡ್ತೀವಿ.”

“ಆಗುತ್ತೆ ಸರ್” ಎಂದೆ. ಕಾಫಿ ಲೋಟ ಎತ್ತಲು ಎರಡೂ ಕೈ ಬೇಕಾಯಿತು.

ಹೀಗೆ ಜೂನ್ ನನ್ನ ಮುಂದೆ ನಿಂತಿತು. ಆ ಹುದ್ದೆ ನನ್ನೊಬ್ಬಳದಾಗಿರಲಿಲ್ಲ. ಅಮ್ಮ ಅಷ್ಟು ವರ್ಷ ಲೈನಿನ ಮುಂದೆ ಹೇಳಿಕೊಂಡು ಬಂದಿದ್ದಕ್ಕೆ ಅದೊಂದೇ ಸಾಕ್ಷಿ.

ಕಾಯಿಲೆಗೆ ಹೆಸರು ಸಿಕ್ಕಿದ್ದು ಚಿಕ್ಕಮಗಳೂರಿನ ಒಂದು ಆಸ್ಪತ್ರೆಯಲ್ಲಿ. ವಯಸ್ಸಾದ ಡಾಕ್ಟರು ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕಿಟ್ಟು, ಕತ್ತಿನ ಬುಡ, ಮೊಣಕೈ, ಮಂಡಿಯ ಒಳಭಾಗವನ್ನೆಲ್ಲ ಬೆರಳಿನಿಂದ ಒತ್ತಿ ನೋಡಿದರು. ಎಷ್ಟು ದಿನದಿಂದ, ನಿದ್ದೆ ಹೇಗೆ, ಮರೆವು ಇದೆಯಾ ಎಂದು ಕೇಳಿದರು. ಆಮೇಲೆ ಫೈಬ್ರೊಮಯಾಲ್ಜಿಯಾ ಎಂದರು. ಯಾಕೆ ಬರುತ್ತದೆ ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲವಂತೆ. ಸಾಯುವ ಕಾಯಿಲೆಯಲ್ಲ, ಮೂಳೆ ಕೀಲು ಹಾಳಾಗುವುದಿಲ್ಲ. ಮಲಗುವ ಮುಂಚೆ ಒಂದು ಮಾತ್ರೆ. ಆದರೆ ಬರೀ ಮಾತ್ರೆಯಿಂದ ಆಗುವುದಿಲ್ಲ. ಮೈಗೂ ಮನಸ್ಸಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು. ವಾರಕ್ಕೊಮ್ಮೆ ಬರಬೇಕು. ಮನೆಯವರೊಬ್ಬರು ಜೊತೆಗಿರಬೇಕು.

ಮನೆಯವರು ಅಂದರೆ ಅಮ್ಮ.

ಅಲ್ಲಿ ಎರಡು ಕೋಣೆ, ನಡುವೆ ಒಂದು ಬಾಗಿಲು. ಒಂದರಲ್ಲಿ ಕರಾವಳಿ ಕಡೆಯ ಹುಡುಗ, ಫಿಸಿಯೋಥೆರಪಿಸ್ಟ್. ಇನ್ನೊಂದರಲ್ಲಿ ನನಗಿಂತ ಸ್ವಲ್ಪ ದೊಡ್ಡವರಾದ ಸೈಕಾಲಜಿಸ್ಟ್ ಮೇಡಂ. ನಡುವಿನ ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ. ಅಲ್ಲಿ ನಾನು ಕೈ ಎತ್ತಿದ್ದು ಇಲ್ಲಿಗೆ ಗೊತ್ತಿರುತ್ತಿತ್ತು, ಇಲ್ಲಿ ನಾನು ಅತ್ತದ್ದು ಅಲ್ಲಿಗೆ.

ಮೊದಲ ದಿನವೇ ಹೇಳಿಬಿಟ್ಟೆ. “ಮೇಡಂ, ನನಗೆ ತಲೆ ಕೆಟ್ಟಿಲ್ಲ. ಎಕ್ಸರ್‌ಸೈಜ್ ಮಾತ್ರ ಹೇಳಿಕೊಡಿ, ಮಾಡ್ತೀನಿ.”

“ತಲೆ ಕೆಟ್ಟಿದ್ರೆ ಇಷ್ಟು ನೋವಿಟ್ಕೊಂಡು ತ್ರಿಕೋನಮಿತಿ ಪಾಠ ಮಾಡ್ತಿರಲಿಲ್ಲ. ಕೂತ್ಕೊಳ್ಳಿ” ಎಂದರು.

ಕೂತೆ. ಅವರು ಅಮ್ಮನಿಗೂ ಅರ್ಥವಾಗಲಿ ಎಂದು ನಮ್ಮ ಕಡೆಯದೇ ಹೋಲಿಕೆ ತೆಗೆದರು. “ನಿಮ್ಮ ಕಡೆ ಆನೆ ಬಂದ್ರೆ ಸೈರನ್ ಹಾಕ್ತಾರಲ್ಲ ಅಮ್ಮ? ಇವರ ಮೈಯೊಳಗಿನ ಸೈರನ್ ಹಸು ಬಂದರೂ ಕೂಗುತ್ತೆ, ಎಲೆ ಬಿದ್ರೂ ಕೂಗುತ್ತೆ. ಕೂಗೋದು ನಿಜ. ಆದ್ರೆ ಅಲ್ಲಿ ಆನೆ ಇರಲ್ಲ.”

ಅಮ್ಮ ಸ್ವಲ್ಪ ಯೋಚಿಸಿದರು. “ಹಸುವೋ ಆನೆಯೋ, ಕೂಗಿದ್ರೆ ಓಡ್ಲೇಬೇಕಲ್ಲ ಮೇಡಂ? ನಿಂತು ನೋಡೋಕಾಗ್ತದಾ?”

ಮೇಡಂ ನಗಲಿಲ್ಲ. “ಅದೇ ಕಷ್ಟ. ನಿಂತು ನೋಡೋದನ್ನೇ ಇಲ್ಲಿ ಕಲಿಯೋದು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೋವು ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ನೋವಿದ್ರೂ ದಿನದಲ್ಲಿ ಎಷ್ಟು ಭಾಗ ನಿಮ್ಮ ಕೈಯಲ್ಲಿರುತ್ತೆ ಅನ್ನೋದನ್ನ ನೋಡೋಣ” ಎಂದರು. ನನಗೆ ಬೇಕಾಗಿದ್ದದ್ದು ಭಾಗವಲ್ಲ, ಪೂರಾ ದಿನ. ಅದನ್ನು ಹೇಳಲಿಲ್ಲ.

ಅವರ ಪದ್ಧತಿಯ ಮೂಲಸೂತ್ರ ಸರಳ. ಸ್ವಲ್ಪದರಿಂದ ಶುರು ಮಾಡಬೇಕು. ನೋವು ನೋಡಿ ನಿಲ್ಲಿಸಬಾರದು, ಗಡಿಯಾರ ನೋಡಿ ನಿಲ್ಲಿಸಬೇಕು. ನೋವು ಜಾಸ್ತಿ ಇರುವ ದಿನ ಬಿಡುವಂತಿಲ್ಲ. ಮೈ ಹಗುರವಾಗಿರುವ ದಿನ ಹೆಚ್ಚಿಗೆ ಮಾಡುವಂತಿಲ್ಲ. ಎರಡನೆಯದನ್ನು ಮೀರಿದರೆ ಇಷ್ಟು ದುಬಾರಿಯಾಗುತ್ತದೆ ಎಂದು ಆಗ ತಿಳಿಯಲಿಲ್ಲ.

ಕಾಫಿ ಹೂವಾಗಿದ್ದ ವಾರ. ಫಿಸಿಯೋ ಹುಡುಗ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿದ. ಭುಜದ ಎತ್ತರದಿಂದ ಒಮ್ಮೆ ಬಲಗೈ, ಒಮ್ಮೆ ಎಡಗೈ, ಎಳೆದು ಹೊಟ್ಟೆಯ ಹತ್ತಿರ ತರಬೇಕು. ಬೆನ್ನಿಗೆ ಬಲ ಬರಲೆಂದು ಸೊಂಟಕ್ಕೊಂದು ಚಿಕ್ಕ ಮರಳಿನ ಚೀಲ. ನಾನು ಎಳೆಯತೊಡಗಿದೆ. ಮೂಲೆಯ ಸ್ಟೂಲಿನ ಮೇಲಿದ್ದ ಅಮ್ಮ ಎದ್ದು ನಿಂತರು.

“ಇದೆಂಥದು? ಇದು ಹಣ್ಣು ಕುಯ್ಯೋದಲ್ವಾ?”

“ಎಕ್ಸರ್‌ಸೈಜ್ ಅಮ್ಮ. ಭುಜಕ್ಕೆ ಒಳ್ಳೆದುಂಟು” ಎಂದು ಹುಡುಗ ನಕ್ಕ.

“ನಗ್ಬೇಡಿ. ಕಣ್ಣು ಕಾಣ್ತದೆ ನಂಗೆ. ಸೊಂಟಕ್ಕೆ ಕಟ್ಟಿದೀರಿ, ಎರಡೂ ಕೈಯಲ್ಲಿ ಎಳೆಸ್ತಿದೀರಿ. ಇದು ಮಾಡಬಾರ್ದು ಅಂತ್ಲೇ ಇವಳನ್ನ ಓದ್ಸಿದ್ದು ನಾನು. ಇದ್ನೇ ಮಾಡೋದಿದ್ರೆ ತೋಟ ಅಲ್ಲೇ ಇತ್ತು, ಬಸ್ಸು ಹತ್ತಿ ಇಲ್ಲಿವರೆಗೆ ಬರ್ಬೇಕಿತ್ತಾ?”

ಮರಳಿನ ಚೀಲ ಬಿಚ್ಚಿ ಮೇಜಿನ ಮೇಲಿಟ್ಟು ನನ್ನ ಕೈ ಹಿಡಿದು ಹೊರಗೆ ನಡೆದರು. ಅವತ್ತಿನ ಚಿಕಿತ್ಸೆ ಅಷ್ಟೇ.

ಮನೆಯಲ್ಲೂ ಅದೇ ಕತೆ. ಸಣ್ಣಪುಟ್ಟ ಕೆಲಸ ನಾನೇ ಮಾಡಬೇಕು ಎಂದಿದ್ದರು: ಅರ್ಧ ಕೊಡ ನೀರು, ನನ್ನ ಬಟ್ಟೆ, ನನ್ನ ತಟ್ಟೆ. ನಾನು ಏಳುವಷ್ಟರಲ್ಲಿ ನೀರು ತುಂಬಿರುತ್ತಿತ್ತು, ಬಟ್ಟೆ ತಂತಿಯ ಮೇಲಿರುತ್ತಿತ್ತು. “ಅಮ್ಮ, ಬಿಡಿ ನಂಗೆ” ಎಂದರೆ, “ನಾನು ಸತ್ತ ಮೇಲೆ ಮಾಡ್ಕೊ” ಎನ್ನುತ್ತಿದ್ದರು.

ಮುಂದಿನ ವಾರ ಸೈಕಾಲಜಿಸ್ಟ್ ಮೇಡಂ ನನ್ನನ್ನು ಬಿಟ್ಟು ಅಮ್ಮನನ್ನು ಎದುರು ಕೂರಿಸಿಕೊಂಡರು. ಬಾಗಿಲು ತೆರೆದೇ ಇತ್ತು.

“ಮಗಳು ಬಗ್ಗಿ ಕೊಡ ಎತ್ತೋದು ನೋಡಿದ್ರೆ ನಿಮಗೆ ಏನನ್ಸುತ್ತೆ?”

“ಅನ್ಸೋದೇನು? ನೋಡೋಕಾಗಲ್ಲ.”

“ನಿಮಗೂ ಮೈಕೈ ನೋವಿರಬೇಕಲ್ಲ?”

“ನಂದು ನೋವಲ್ಲ, ಕೆಲ್ಸದ್ದು.” ಆಮೇಲೆ ಅಮ್ಮನೇ ಕೇಳಿದರು, “ಮೇಡಂ, ಇದು ಮಾಡಿದ್ರೆ ಜೂನಿಗೆ ಇವಳು ನಿಂತು ಪಾಠ ಮಾಡ್ತಾಳಾ?”

“ಮಾಡದೇ ಇದ್ರೆ ಖಂಡಿತ ಆಗಲ್ಲ. ಮಾಡಿದ್ರೆ ನೋಡಬಹುದು.”

ಆ ಭಾನುವಾರ ಬೆಳಿಗ್ಗೆ ಅಮ್ಮ ಗೋಡೆಯ ಮೊಳೆಯಿಂದ ತಮ್ಮ ಬುಟ್ಟಿ ಇಳಿಸಿದರು. ಹಳ್ಳದಿಂದ ಆರಿಸಿ ತಂದ ಗುಂಡುಕಲ್ಲು ಒಂದೆರಡನ್ನು ಅದರಲ್ಲಿಟ್ಟರು. ಅಂಗಳದ ಪೇರಲೆ ಮರದ ಕೆಳಗೆ ನನ್ನನ್ನು ನಿಲ್ಲಿಸಿ, ಹಗ್ಗವನ್ನು ಸೊಂಟದ ಸುತ್ತ ತಂದರು. “ಮೂಳೆ ಮೇಲೆ ಕಟ್ಬಾರ್ದು, ತಿನ್ತದೆ. ಸ್ವಲ್ಪ ಮೇಲೆ” ಎಂದು ಹೇಳುತ್ತಾ ಗಂಟು ಹಾಕಿದರು. ಅವರ ಸೊಂಟದ ಮೇಲೆ ಆ ಹಗ್ಗದ ಕಪ್ಪು ಗೆರೆ ಇರುವುದನ್ನು ಸ್ನಾನದ ಹೊತ್ತಿನಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ. ಗಂಟು ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ.

ಲೈನಿನ ಜಗಲಿಗಳಲ್ಲಿ ಅಕ್ಕಿ ಆರಿಸುತ್ತಿದ್ದವರು, ಹೇನು ತೆಗೆಯುತ್ತಿದ್ದವರು ಎಲ್ಲ ತಿರುಗಿದರು. ಒಬ್ಬಾಕೆ ತಡೆಯಲಾರದೆ ಕೂಗಿದಳು, “ಅಂತೂ ದೊರೆಸಾನಿ ಸೊಂಟಕ್ಕೂ ಬುಟ್ಟಿ ಬಂತಲ್ಲೇ!”

“ಔಷಧಿ ಇದು, ಆಸ್ಪತ್ರೇದು” ಎಂದರು ಅಮ್ಮ ತಿರುಗದೆ. “ನಿಂಗೂ ಬೇಕಿದ್ರೆ ಹೋಗಿ ಚೀಟಿ ಬರೆಸ್ಕೊಂಡು ಬಾ.”

ಎಲ್ಲರೂ ನಕ್ಕರು. ಅಮ್ಮನ ಕತ್ತಿನ ನರ ಎದ್ದು ನಿಂತಿದ್ದು ನನಗೊಬ್ಬಳಿಗೇ ಕಂಡಿತು.

ನಿಜ ಹೇಳಬೇಕೆಂದರೆ ಚಿಕಿತ್ಸೆ ನಾಟತೊಡಗಿತು. ಪರೀಕ್ಷೆ ಮುಗಿದು ಬೇಸಿಗೆ ರಜೆ ಬರುವಷ್ಟರಲ್ಲಿ ನಾನು ಎಸ್ಟೇಟಿನ ಬಂಗಲೆಯ ಗೇಟಿನವರೆಗೆ ನಡೆದು ಬರುತ್ತಿದ್ದೆ. ಒಂದಷ್ಟು ನಿದ್ದೆ ಬರುತ್ತಿತ್ತು. ಆ ಎರಡನೇ ಕೋಣೆಯಲ್ಲಿ ನಾನು ಕಲಿತದ್ದು ಇನ್ನೂ ವಿಚಿತ್ರ. “ನೋವು ಬಂದಾಗ ನೋವಿನ ಹಿಂದೆಯೇ ಬರೋ ಮಾತು ಯಾವುದು?” ಎಂದು ಮೇಡಂ ಕೇಳಿದ್ದರು. ನಾನು ಹೇಳಿದೆ: “ಏನು ಕೆಲಸ ಮಾಡಿದೀಯ ಅಂತ ನಿನಗೆ ನೋವು? ಅಂತ.”

“ಅದು ಯಾರ ದನಿ?”

“ಯಾರದ್ದೂ ಅಲ್ಲ. ಇಡೀ ಲೈನಿನದು.”

“ಆ ದನಿ ಬಂದ ಕೂಡಲೇ ಮೈ ಏನು ಮಾಡುತ್ತೆ?”

ಗಮನಿಸಿ ನೋಡಿದೆ. ಭುಜ ಕಿವಿಯವರೆಗೆ ಏರಿ ಕೂತಿರುತ್ತಿತ್ತು, ಹಲ್ಲು ಕಚ್ಚಿಕೊಂಡಿರುತ್ತಿತ್ತು. ಒಂದು ನೋವಿನ ಮೇಲೆ ಇನ್ನೊಂದು ಹೊರೆ. ಆ ದನಿಯನ್ನು ಓಡಿಸಲು ಆಗಲಿಲ್ಲ. ಬಂದಾಗ ಬಂತು ಎಂದು ಗುರುತು ಹಿಡಿದು, ಭುಜ ಇಳಿಸಿ, ಉಸಿರು ಬಿಡುವುದನ್ನು ಕಲಿತೆ. ಕೇಳುವವರಿಗೆ ಇದು ದೊಡ್ಡದೇನಲ್ಲ. ನನಗೆ ಬಿಎಸ್ಸಿಗಿಂತ ಕಷ್ಟವಾಯಿತು.

ಆದರೆ ಅಮ್ಮ ಒಮ್ಮೆ ಕೈ ಹಾಕಿದ ಮೇಲೆ ಚಿಕಿತ್ಸೆಯೂ ಎಸ್ಟೇಟಿನ ಕೆಲಸವೇ ಆಯಿತು. ನಮ್ಮ ಹೆಂಗಸರು “ಕೈ ಬಂದ ದಿನ” ಅನ್ನುತ್ತಾರೆ. ಗಿಡ ತುಂಬಾ ಹಣ್ಣಿದ್ದು, ಬಿಸಿಲು ಹದವಾಗಿದ್ದು, ಬೆರಳು ತಾನಾಗಿ ಓಡುವ ದಿನ. ಅಂಥ ದಿನ ಯಾರೂ ಊಟಕ್ಕೂ ಕೂರುವುದಿಲ್ಲ. ನಾಳೆ ಬರುವ ಸಾಲಿನಲ್ಲಿ ಹಣ್ಣಿರುತ್ತದೋ ಇಲ್ಲವೋ, ಮಳೆ ಬಿದ್ದು ಉದುರುತ್ತದೋ, ಹೇಳುವವರು ಯಾರು? ಕೈ ಬಂದ ದಿನ ಕುಯ್ದುಬಿಡಬೇಕು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ನಾನು ಕುಯ್ಯಲು ಬುಟ್ಟಿ ಕಟ್ಟಿರಲಿಲ್ಲ, ಅಷ್ಟೇ. ಮಾತು ನನ್ನೊಳಗೂ ಇತ್ತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದರೆ ಮೈಯಲ್ಲಿ ನೋವು ಇದೆಯೋ ಇಲ್ಲವೋ ಎಂದು ಹುಡುಕಬೇಕಾಯಿತು. ಅಮ್ಮನಿಗೆ ಹೇಳಿದೆ. ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಲೈನಿನ ತುದಿಯಲ್ಲಿ ಕೂಲಿಯವರ ಮಕ್ಕಳನ್ನು ಬಿಡುವ ಶಿಶುವಿಹಾರದ ಕೋಣೆಯಿದೆ. ರಜೆಯಾದ್ದರಿಂದ ಖಾಲಿಯಿತ್ತು, ಗೋಡೆಯ ಮೇಲೆ ಹಳೆಯ ಕರಿಹಲಗೆ. ಅಮ್ಮ ಕಸ ಗುಡಿಸಿ, ಹಲಗೆ ಒರೆಸಿ, ನೆಲದ ಮೇಲೆ ಕಾಲು ಚಾಚಿ ಕೂತರು.

“ಹ್ಞೂಂ, ಮಾಡು. ಪೂರಾ ಟೈಂಟೇಬಲ್ ಮಾಡಿ ತೋರ್ಸು.”

ನಾನು ವರ್ಗ ಸಮೀಕರಣದಿಂದ ಶುರು ಮಾಡಿದೆ. ಹಲಗೆಯ ಮೇಲ್ತುದಿಯಿಂದ ಬರೆದೆ. ತೋಳು ಹಿಂಡಲಿಲ್ಲ, ಮೈನಸ್ ಮರೆಯಲಿಲ್ಲ. ಒಂದು ಪಿರಿಯಡ್ ಮುಗಿಯಿತು. ಗಡಿಯಾರ ನಿಲ್ಲಿಸು ಎಂದಿತು.

“ಇನ್ನೊಂದು ಮಾಡೇ. ಆಗ್ತದಲ್ಲ?”

“ಆಗ್ತದೆ” ಎಂದೆ. ಆಗುತ್ತಿತ್ತು.

ಸಮರೂಪ ತ್ರಿಭುಜಗಳು, ವೃತ್ತದ ಸ್ಪರ್ಶಕ, ಮತ್ತೆ ಸಮೀಕರಣ. ಅಕ್ಷರ ಬಾರದ ಅಮ್ಮ ಒಂದು ಸಲವೂ ಗೋಡೆಗೆ ಒರಗದೆ, ನನ್ನ ಕೈ ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಾ ಕೂತಿದ್ದರು. ಮಧ್ಯಾಹ್ನ ಗಂಜಿಗೂ ಏಳಲಿಲ್ಲ. ಕೊನೆಯ ಪಿರಿಯಡ್ ಹೊತ್ತಿಗೆ ಅವರೇ ಕೇಳಿದರು, “ಆ ವೃತ್ತದ ಲೆಕ್ಕ ಇನ್ನೊಂದು ಸಲ ಹೇಳು. ಚಂದ ಉಂಟು ಅದು.” ನನ್ನ ವಿದ್ಯಾರ್ಥಿಗಳಲ್ಲಿ ಅಷ್ಟು ಹಸಿದು ಕೇಳಿದವರು ಯಾರೂ ಇಲ್ಲ. ಮನೆಗೆ ಬರುವಾಗ ಅಮ್ಮ ಪ್ರತಿ ಜಗಲಿಯ ಮುಂದೆಯೂ ನಿಂತು ಹೇಳಿದರು, “ಪೂರಾ ಮಾಡಿದ್ಲು. ನಿಂತೇ.”

ಮರುದಿನ ನನಗೆ ಮಗ್ಗುಲು ತಿರುಗಲು ಆಗಲಿಲ್ಲ.

ಅದು ಮೊದಲಿನ ನೋವಾಗಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿತ್ತು. ಹೊದಿಕೆಯ ಭಾರ ತಡೆಯದೆ ಕಿತ್ತೆಸೆದೆ. ಅಮ್ಮ ಜಡೆ ಬಿಡಿಸಲು ಬಂದರೆ ಕಿರುಚಿದೆ. ಬೆಳಕು ಚುಚ್ಚುತ್ತಿತ್ತು, ಪಕ್ಕದ ಮನೆಯ ಟಿವಿ ಹಲ್ಲಿಗೆ ತಾಗುತ್ತಿತ್ತು. ವಾರ ಕಳೆಯಿತು, ಇನ್ನೊಂದು ಕಳೆಯಿತು. ನಮ್ಮ ಲೈನಿನ ಗೋಡೆಗಳಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲವಾದ್ದರಿಂದ, ಜಗಲಿಗಳ ಮೇಲೆ ಮಾತು ಕಡಿಮೆಯಾಗಿತ್ತು. ಯಾರೂ ಅಣಕಿಸಲಿಲ್ಲ. ಒಬ್ಬಾಕೆ ಮೀನು ಸಾರು ತಂದು ಬಾಗಿಲಲ್ಲಿಟ್ಟು ಹೋದಳು. ಅಮ್ಮ ಬುಟ್ಟಿಯನ್ನು ಒಳಗಿನ ಮೊಳೆಯಿಂದ ತೆಗೆದು ಹೊರಗೋಡೆಗೆ ನೇತುಹಾಕಿದರು.

ಕಾರು ಮಾಡಿಸಿಕೊಂಡು ಆಸ್ಪತ್ರೆಗೆ ಹೋದೆವು. ಒಳಗೆ ಕಾಲಿಡುತ್ತಲೇ ಅಮ್ಮ, “ನಾನೇ ಎಳೆಸಿದ್ದು ಮೇಡಂ. ಇನ್ನೊಂದು, ಇನ್ನೊಂದು ಅಂತ ನಾನೇ” ಎಂದರು.

“ಒಳ್ಳೇ ದಿನ ಬಂದಾಗ ನಿಲ್ಲಿಸೋದು ಎಲ್ಲರಿಗೂ ಕಷ್ಟ ಅಮ್ಮ” ಎಂದರು ಮೇಡಂ.

ಫಿಸಿಯೋ ಹುಡುಗ ನನ್ನ ಭುಜ ಮುಟ್ಟಿ ನೋಡಿದ. “ಮತ್ತೆ ಶುರು ಮಾಡುವ. ಮೊದಲು ಶುರು ಮಾಡಿದ್ದಕ್ಕಿಂತ ಕಮ್ಮಿಯಿಂದ” ಎಂದ. ಅವನು ನಗಲಿಲ್ಲ ಈ ಸಲ.

ಅಮ್ಮ ಕಾರಿಡಾರಿನ ಬೆಂಚಿಗೆ ಹೋದ ಮೇಲೆ ಮೇಡಂ ಕೇಳಿದರು, “ಶಾಲೆ ಇನ್ನೇನು ಶುರುವಾಗುತ್ತೆ. ಪೂರಾ ದಿನ ಆಗುತ್ತಾ?”

ಆಗುತ್ತೆ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯವರೆಗೆ ಬಂತು. ಹಾಗೆಂದುಬಿಟ್ಟರೆ ಮೊದಲ ವಾರ ಹಲ್ಲು ಕಚ್ಚಿ ನಿಲ್ಲುತ್ತೇನೆ, ಎರಡನೆಯ ವಾರ ರಜೆ, ಆಮೇಲೆ ಹಾಸಿಗೆ. ಹತ್ತನೇ ಕ್ಲಾಸಿನ ಮಕ್ಕಳು ಮಧ್ಯದಲ್ಲಿ ಉಳಿಯುತ್ತಾರೆ, ನಾನು ಹೊರಗೆ ಹೋಗುತ್ತೇನೆ. ಇದು ಲೆಕ್ಕ, ಲೆಕ್ಕ ನನಗೆ ಬರುತ್ತದೆ.

“ಆಗಲ್ಲ” ಎಂದೆ. “ಅರ್ಧ ದಿನ ಆಗಬಹುದು.”

“ಇದನ್ನ ಯಾರಿಗೆ ಹೇಳೋದು ಕಷ್ಟ? ಶಾಲೆಯವರಿಗಾ?”

“ಅಲ್ಲ. ಹೊರಗೆ ಬೆಂಚಿನ ಮೇಲಿದಾರಲ್ಲ, ಅವರಿಗೆ.”

ಕಾರಿನಲ್ಲೇ ಹೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡರು.

“ಅರ್ಧ ಹಾಜರಿ ಕೇಳ್ತೀಯಾ?”

ಎಸ್ಟೇಟಿನಲ್ಲಿ ಮಧ್ಯಾಹ್ನಕ್ಕೇ ಮನೆಗೆ ಹೋದವರಿಗೆ ಬೀಳುವುದು ಅರ್ಧ ಹಾಜರಿ. ದಿನ ತುಂಬಿದ ಬಸುರಿಯರು, ಕೈಲಾಗದ ಮುದುಕಿಯರು, ಇನ್ನೇನು ಕೆಲಸದಿಂದ ನಿಲ್ಲಿಸುತ್ತಾರೆ ಎಂಬಂಥವರು ಅದನ್ನು ಬೀಳಿಸಿಕೊಳ್ಳುತ್ತಾರೆ.

“ನಿನ್ನ ಅಪ್ಪನ್ನ ಮಣ್ಣು ಮಾಡಿದ ವಾರಾನೂ ನಾನು ಅರ್ಧ ಹಾಜರಿ ಬೀಳಿಸ್ಕೊಂಡಿಲ್ಲ” ಎಂದರು. ಅದು ಬೈಗುಳವಾಗಿರಲಿಲ್ಲ. ಸುಮ್ಮನೆ ಹೇಳಿದರು.

ಕರೆಸ್ಪಾಂಡೆಂಟರು ಈ ಸಲವೂ ಕೂರಿಸಿ ಕಾಫಿ ಕೊಟ್ಟರು. ಕಾಯಿಲೆಯ ಹೆಸರು ಹೇಳಿದೆ, ಏನಾಗುತ್ತದೆ, ಏನಾಗುವುದಿಲ್ಲ ಎಂದು ನೇರವಾಗಿ ಹೇಳಿದೆ, ಬೆಳಗಿನ ಹೊತ್ತಿನ ಕ್ಲಾಸು ಮಾತ್ರ ಕೊಡಿ ಎಂದು ಕೇಳಿದೆ. ಮಾತಾಡುವಾಗ ನನ್ನ ಭುಜ ಕಿವಿಗೆ ಏರಿರಲಿಲ್ಲ, ಗಮನಿಸಿದೆ. ಅವರು ಯೋಚಿಸಿ, ಕೆಳಗಿನ ತರಗತಿಗಳನ್ನು ಕೊಟ್ಟರು. ಪರ್ಮನೆಂಟಿನ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹತ್ತನೇ ಕ್ಲಾಸಿಗೆ ಕಳಸದ ಕಡೆಯ ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಅಕ್ಷರ ದುಂಡಗಿದೆ. ಸಂಬಂಧಪಟ್ಟ ಪುಸ್ತಕಗಳನ್ನೆಲ್ಲ ಅವನಿಗೆ ಒಪ್ಪಿಸಿದೆ.

ಈಗ ಶಾಲೆ ಬಿಟ್ಟು ನಾನು ಮನೆಗೆ ಬರುವುದು ಮಧ್ಯಾಹ್ನ. ಎಸ್ಟೇಟಿನ ರಸ್ತೆಯಲ್ಲಿ ಆ ಹೊತ್ತಿಗೆ ಗೈಯುವವರು ಯಾರೂ ಮನೆ ಕಡೆ ನಡೆಯುವುದಿಲ್ಲ. ಒಂದು ದಿನ ಸಿಲ್ವರ್ ಓಕ್ ಮರಗಳ ಕೆಳಗೆ ಗುಂಪು ಊಟಕ್ಕೆ ಕೂತಿತ್ತು. ಕಳೆ ತೆಗೆಯುವ ಕೆಲಸವಿರಬೇಕು, ಎಲ್ಲರ ಸೀರೆಯ ಅಂಚೂ ಕೆಸರು. ಅಮ್ಮ ತುದಿಯಲ್ಲಿದ್ದರು, ಕಾಲು ಚಾಚಿ, ಒಂದು ಕೈಯಿಂದ ತಮ್ಮ ಮಂಡಿ ಒತ್ತಿಕೊಳ್ಳುತ್ತಾ.

“ಏನು ದೊರೆಸಾನಿ, ಇವತ್ತೂ ಅರ್ಧ ಹಾಜರಿಯಾ?” ಎಂದಳು ಒಬ್ಬಳು. ತಮಾಷೆಗೇ ಕೇಳಿದ್ದು.

ನಾನು ಹೌದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, ಬುತ್ತಿಯಿಂದ ತಲೆ ಎತ್ತದೆ, “ಪೇಪರ್ ತಿದ್ದೋದಿದೆ ಅವಳಿಗೆ. ಹತ್ತನೇ ಕ್ಲಾಸಿಂದು. ಮನೆಯಲ್ಲಿ ಕೂತು ತಿದ್ಬೇಕಲ್ಲ, ರಾಶಿ” ಎಂದರು.

ಕೇಳಿದವಳು ತನ್ನ ಬುತ್ತಿಗೆ ಕೈ ಹಾಕಿದಳು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ನಾನೂ ಅಮ್ಮನ ಮಾತು ತಿದ್ದದೆ ಮುಂದೆ ನಡೆದೆ.

ಮನೆಗೆ ಬಂದು ಕೈಕಾಲು ತೊಳೆದು ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಹಿಡಿದೆ. ಬಲಗೈ, ಎಡಗೈ. ಹೊರಗೋಡೆಯ ಮೇಲೆ ಅಮ್ಮನ ಬುಟ್ಟಿ ಕುಯ್ಲು ಬರುವುದನ್ನು ಕಾಯುತ್ತಾ ನೇತಾಡುತ್ತಿತ್ತು. ಅವತ್ತು ಮೈ ಹಗುರವಾಗಿತ್ತು, ಕೈ ತಾನಾಗಿ ಬರುತ್ತಿತ್ತು. ಗಡಿಯಾರ ನೋಡಿದೆ. ಹೊತ್ತಾಗಿತ್ತು. ಇನ್ನೂ ಎಳೆಯಬಹುದಿತ್ತು, ಬೇಕಾದಷ್ಟು ಎಳೆಯಬಹುದಿತ್ತು. ಪಟ್ಟಿಯನ್ನು ಕೈಯಿಂದ ಬಿಟ್ಟೆ.